ಒಂದೇ ರಿಕ್ವೆಸ್ಟ್, ವಿಂಡೋಸ್‌ನಲ್ಲಿ 200, ಪೈನಲ್ಲಿ 401, ಮ್ಯಾಕ್‌ನಲ್ಲಿ 400: ಹೆಡರ್ ಎಲ್ಲಿ ಹೋಗುತ್ತಿದೆ?

ಮಳೆಲೆಕ್ಕ_ಸಿದ್ದಾಪುರ
ನಮ್ಮ ಸಿದ್ದಾಪುರ, ಪಾಲಿಬೆಟ್ಟ, ಅಮ್ಮತ್ತಿ ಕಡೆಯ ಕೆಲವು ತೋಟದವರು ಸೇರಿ ದಿನದ ಮಳೆ ಲೆಕ್ಕವನ್ನು ಒಂದೇ ಕಡೆ ಹಾಕುವ ಏರ್ಪಾಡು ಮಾಡಿಕೊಂಡಿದ್ದೇವೆ. ಬೆಂಗಳೂರಿನ ಒಂದು ಚಿಕ್ಕ ಕಂಪನಿ ವೆಬ್ ಸರ್ವಿಸ್ ಮಾಡಿಕೊಟ್ಟಿದೆ. ಬೆಳಿಗ್ಗೆ ಮಳೆಮಾಪಕ ನೋಡಿ ಅಂಕಿ ಹಾಕಿದರೆ ಕರ್ಲ್ ಅನ್ನುವ ಕಮಾಂಡ್ ಅದನ್ನು ಸರ್ವರ್‌ಗೆ ಪೋಸ್ಟ್ ಮಾಡುತ್ತದೆ. ಎರಡು ಹೆಡರ್, ಅಂದರೆ ರಿಕ್ವೆಸ್ಟ್‌ನ ಮೇಲ್ಭಾಗದ ಮಾಹಿತಿ ಸಾಲು, ಕಡ್ಡಾಯ. ಒಂದು ಆಥರೈಸೇಶನ್, ಬೇಸಿಕ್ ರೀತಿಯದು (ಯೂಸರ್ ನೇಮ್, ಪಾಸ್‌ವರ್ಡ್ ಬೇಸ್64 ಅನ್ನುವ ರೂಪದಲ್ಲಿ ಹೋಗುತ್ತದೆ). ಇನ್ನೊಂದು ಸ್ಟೇಷನ್_ಐಡಿ, ಯಾವ ತೋಟ ಅಂತ ತಿಳಿಸಲು.

ಆಫೀಸಿನ ವಿಂಡೋಸ್ 10 ಲ್ಯಾಪ್‌ಟಾಪ್‌ನಿಂದ ಕಳುಹಿಸಿದರೆ 200, ಎಲ್ಲ ಸರಿ. ಗೋಡೌನ್‌ನಲ್ಲಿರುವ ರಾಸ್ಪ್‌ಬೆರಿ ಪೈನಿಂದ (ಲಿನಕ್ಸ್ ಓಡುವ ಚಿಕ್ಕ ಕಂಪ್ಯೂಟರ್) 401, ಅಂದರೆ ಯೂಸರ್ ನೇಮ್, ಪಾಸ್‌ವರ್ಡ್ ಒಪ್ಪಿಲ್ಲ. ತಂಗಿಯ ಮ್ಯಾಕ್‌ನಿಂದ 400, ಅಂದರೆ ರಿಕ್ವೆಸ್ಟ್ ಸರಿಯಿಲ್ಲ, ಜೊತೆಗೆ ‘ಸ್ಟೇಷನ್ ಐಡಿ ಬಂದಿಲ್ಲ’ ಅನ್ನುವ ಮೆಸೇಜ್. ಯುಆರ್‌ಎಲ್ ಅದೇ, ಯೂಸರ್ ನೇಮ್ ಅದೇ, ಪಾಸ್‌ವರ್ಡ್ ಅದೇ. ಪೈ ಮತ್ತು ಮ್ಯಾಕ್‌ನಲ್ಲಿ ಓಡುವುದು ಒಂದೇ ಶೆಲ್ ಸ್ಕ್ರಿಪ್ಟ್. ವಿಂಡೋಸ್‌ನಲ್ಲಿ ಕಂಪನಿಯ ಹುಡುಗ ಬಂದು ಹಾಕಿಕೊಟ್ಟ ಬ್ಯಾಚ್ ಫೈಲ್ ಇದೆ.

ಕಂಪನಿಯವರನ್ನು ಕೇಳಿದರೆ ‘ವಿಂಡೋಸ್‌ನಲ್ಲಿ ಬರುತ್ತಿದೆಯಲ್ಲ ಸರ್, ನಮ್ಮ ಕಡೆ ಸರಿ ಇದೆ, ನಿಮ್ಮ ಲಿನಕ್ಸ್ ನೋಡಿಕೊಳ್ಳಿ’ ಅನ್ನುತ್ತಾರೆ. ಒಂದೇ ರಿಕ್ವೆಸ್ಟ್‌ಗೆ ಮೂರು ಉತ್ತರ ಹೇಗೆ ಬರಲು ಸಾಧ್ಯ?

ಗೋಣಿಕೊಪ್ಪ_ಸಿಸ್ಟಮ್ಸ್
ಪೈ ಎತ್ತಿಟ್ಟು ಇನ್ನೊಂದು ವಿಂಡೋಸ್ ಮಿನಿ ಪಿಸಿ ಹಾಕಿ. ನಮ್ಮ ಅಂಗಡಿಯಲ್ಲೇ ಇದೆ.

ಮೂರ್ನಾಡಿನವ
@ಗೋಣಿಕೊಪ್ಪ_ಸಿಸ್ಟಮ್ಸ್ ನಿಮಗೆ ವ್ಯಾಪಾರದ ಚಿಂತೆ 😄

ಕುಶಾಲನಗರ_ಕೋಡರ್
‘ಅದೇ ಕರ್ಲ್, ಅದೇ ಹೆಡರ್’ ಅನ್ನುವುದನ್ನು ಸದ್ಯಕ್ಕೆ ಪಕ್ಕಕ್ಕಿಡಿ. ನೀವು ಬರೆದದ್ದು ಒಂದು, ತಂತಿಯ ಮೇಲೆ ಹೋದದ್ದು ಇನ್ನೊಂದು ಇರಬಹುದು. ನಡುವೆ ಶೆಲ್ ಇದೆ, ಕೋಟ್ ಇದೆ, ಫೈಲ್ ಎನ್‌ಕೋಡಿಂಗ್ ಇದೆ, ಪ್ರಾಕ್ಸಿ (ನಡುವೆ ನಿಂತು ದಾಟಿಸುವ ಸರ್ವರ್) ಇದೆ. ಮೂರೂ ಮೆಷಿನ್‌ನಲ್ಲಿ ಕರ್ಲ್‌ಗೆ ಡ್ಯಾಶ್ ವಿ ಸೇರಿಸಿ ಓಡಿಸಿ. ಎಡಕ್ಕೆ ‘>’ ಇರುವ ಸಾಲು ನೀವು ಕಳುಹಿಸಿದ್ದು, ‘<’ ಇರುವುದು ಸರ್ವರ್ ಕಳುಹಿಸಿದ್ದು. ಎರಡನ್ನೂ ಇಲ್ಲಿ ಹಾಕಿ.

ಆಥರೈಸೇಶನ್ ಸಾಲನ್ನು ಮಾತ್ರ ಅಳಿಸಿ ಹಾಕಿ. ಬೇಸ್64 ಅಂದರೆ ಗುಟ್ಟಲ್ಲ. ಯಾರು ಬೇಕಾದರೂ ಬಿಚ್ಚಿ ಪಾಸ್‌ವರ್ಡ್ ಓದಬಹುದು.

ನಾಪೋಕ್ಲು_ನೆಟ್‌ವರ್ಕ್
ನನ್ನ ಪ್ರಕಾರ ಇದು ಕ್ಯಾರೇಜ್ ರಿಟರ್ನ್ ಕಾಟ. ಪಾಸ್‌ವರ್ಡ್ ಫೈಲನ್ನು ವಿಂಡೋಸ್ ನೋಟ್‌ಪ್ಯಾಡ್‌ನಲ್ಲಿ ಮಾಡಿ ಪೆನ್‌ಡ್ರೈವ್‌ನಲ್ಲಿ ಪೈಗೆ ತಂದಿದ್ದೀರಾ? ವಿಂಡೋಸ್ ಪ್ರತಿ ಸಾಲಿನ ಕೊನೆಗೆ ಸಿಆರ್ ಮತ್ತು ಎಲ್‌ಎಫ್ ಎರಡನ್ನೂ ಇಡುತ್ತದೆ. ಲಿನಕ್ಸ್ ಶೆಲ್ ಫೈಲ್ ಓದುವಾಗ ಕೊನೆಯ ಎಲ್‌ಎಫ್ ಮಾತ್ರ ತೆಗೆಯುತ್ತದೆ, ಸಿಆರ್ ಉಳಿದುಬಿಡುತ್ತದೆ. ಪರದೆಯ ಮೇಲೆ ಕಾಣುವುದೂ ಇಲ್ಲ. ಆಮೇಲೆ ಪಾಸ್‌ವರ್ಡ್‌ನ ಬಾಲದಲ್ಲಿ ಒಂದು ಅಕ್ಷರ ಜಾಸ್ತಿ. 401 ಬರದೆ ಇನ್ನೇನು?

ಪೈನಲ್ಲಿ ಕ್ಯಾಟ್ ಡ್ಯಾಶ್ ದೊಡ್ಡ ಎ ಕೊಟ್ಟು ಆ ಫೈಲ್ ನೋಡಿ. ಸಾಲಿನ ಕೊನೆಯಲ್ಲಿ ^ಎಂ ಕಂಡರೆ ಅದೇ ಕಳ್ಳ.

ವಿದ್ಯಾರ್ಥಿ_ಪೊನ್ನಂಪೇಟೆ
ಒಂದು ಡೌಟು. ಬ್ಯಾಚ್ ಫೈಲಿನಲ್ಲಿ ಹೆಡರ್ ಹೆಸರು ದೊಡ್ಡಕ್ಷರದಲ್ಲಿ, ಶೆಲ್ ಸ್ಕ್ರಿಪ್ಟ್‌ನಲ್ಲಿ ಸಣ್ಣಕ್ಷರದಲ್ಲಿ ಇದ್ದರೆ ಹೀಗೆ ಆಗಬಹುದಾ?

ಕುಶಾಲನಗರ_ಕೋಡರ್
ಆಗಬಾರದು. ಹೆಡರ್ ಹೆಸರಿಗೆ ದೊಡ್ಡಕ್ಷರ, ಸಣ್ಣಕ್ಷರದ ಭೇದ ಇಲ್ಲ ಅಂತ ಹೆಚ್‌ಟಿಟಿಪಿ ನಿಯಮದಲ್ಲೇ ಇದೆ. ಹೆಚ್‌ಟಿಟಿಪಿ/2ರಲ್ಲಂತೂ ಎಲ್ಲ ಹೆಸರೂ ಸಣ್ಣಕ್ಷರದಲ್ಲೇ ಹೋಗಬೇಕು. ಆದರೆ ಸರ್ವರ್ ಕೋಡ್ ಬರೆದವರು ಹೆಸರನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿದ್ದರೆ ಕೈಕೊಡುತ್ತದೆ. ಅಂಥ ಕೋಡ್ ನೋಡಿದ್ದೇನೆ. ಒಳ್ಳೆಯ ಡೌಟು.

ಮಳೆಲೆಕ್ಕ_ಸಿದ್ದಾಪುರ
ಕ್ಯಾಟ್ ಮಾಡಿ ನೋಡಿದೆ, ^ಎಂ ಇಲ್ಲ. ಫೈಲನ್ನು ಪೈನಲ್ಲೇ ನ್ಯಾನೋದಲ್ಲಿ ಬರೆದದ್ದು. ಡ್ಯಾಶ್ ವಿ ಕೊಟ್ಟಾಗ ಬಂದದ್ದರಲ್ಲಿ ಮುಖ್ಯ ಅನ್ನಿಸಿದ್ದು ಇದು:

ವಿಂಡೋಸ್ ಲ್ಯಾಪ್‌ಟಾಪ್
> ಪೋಸ್ಟ್ /ಮಳೆ ಹೆಚ್‌ಟಿಟಿಪಿ/1.1
> ಆಥರೈಸೇಶನ್: ಬೇಸಿಕ್ (ಅಳಿಸಿದ್ದೇನೆ)
> ಸ್ಟೇಷನ್_ಐಡಿ: 14
< ಹೆಚ್‌ಟಿಟಿಪಿ/1.1 200
< ಸರ್ವರ್: ಮೈಕ್ರೋಸಾಫ್ಟ್-ಐಐಎಸ್/10.0

ಪೈ
> ಪೋಸ್ಟ್ /ಮಳೆ ಹೆಚ್‌ಟಿಟಿಪಿ/1.1
> ಆಥರೈಸೇಶನ್: ಬೇಸಿಕ್ (ಅಳಿಸಿದ್ದೇನೆ. ಇದು ಮಾತ್ರ ಎರಡು ಸಾಲಿನಲ್ಲಿ ಬಂತು)
> ಸ್ಟೇಷನ್_ಐಡಿ: 14
< ಹೆಚ್‌ಟಿಟಿಪಿ/1.1 401
< ಸರ್ವರ್: ಎಂಜಿನ್‌ಎಕ್ಸ್

ಮ್ಯಾಕ್
> ಎಲ್ಲ ಪೈನ ಹಾಗೇ. ಆಥರೈಸೇಶನ್ ಮಾತ್ರ ಒಂದೇ ಸಾಲು
< ಹೆಚ್‌ಟಿಟಿಪಿ/1.1 400
< ಸರ್ವರ್: ಎಂಜಿನ್‌ಎಕ್ಸ್

ಮೂರು ಕಡೆಯೂ ಸ್ಟೇಷನ್_ಐಡಿ ಹೋಗಿದೆ. ಆದರೂ ಮ್ಯಾಕ್‌ಗೆ ‘ಬಂದಿಲ್ಲ’ ಅನ್ನುತ್ತದೆ!

ಡೆವ್‌ಆಪ್ಸ್_ಅಕ್ಕ
ಪೈ ಕಥೆ ಇಲ್ಲೇ ಗೊತ್ತಾಯಿತು. ಎರಡು ಸಾಲಿನಲ್ಲಿ ಬಂತು ಅಂದಿರಲ್ಲ, ಅದೇ ರೋಗ. ಸ್ಕ್ರಿಪ್ಟ್‌ನಲ್ಲಿ ಯೂಸರ್ ನೇಮ್, ಪಾಸ್‌ವರ್ಡ್ ಎರಡನ್ನೂ ಬೇಸ್64 ಕಮಾಂಡ್‌ಗೆ ಕೊಡುತ್ತಿದ್ದೀರಿ ತಾನೇ? ಲಿನಕ್ಸ್‌ನ ಬೇಸ್64 ಕಮಾಂಡ್ ಸುಮ್ನೆ ಬಿಟ್ಟರೆ 76 ಅಕ್ಷರಕ್ಕೆ ಸಾಲು ಮುರಿಯುತ್ತದೆ. ಮ್ಯಾಕ್‌ನದು ಮುರಿಯುವುದಿಲ್ಲ. ಹೆಸರು ಒಂದೇ ಆದರೂ ಎರಡೂ ಬೇರೆ ಬೇರೆ ಪ್ರೋಗ್ರಾಮ್. 76 ಅಕ್ಷರ ಅಂದರೆ ಒಳಗೆ 57 ಬೈಟ್. ಕಂಪನಿ ಉದ್ದನೆಯ ಪಾಸ್‌ವರ್ಡ್ ಕೊಟ್ಟಿದ್ದರೆ ಆ ಗಡಿ ಸುಲಭವಾಗಿ ದಾಟುತ್ತದೆ.

ಮುರಿದ ಮೇಲೆ ಎರಡನೇ ಸಾಲನ್ನು ಸರ್ವರ್ ಬೇರೆ ಹೆಡರ್ ಅಂದುಕೊಳ್ಳುತ್ತದೆ. ಕೆಲವು ಸರ್ವರ್ ಸಿಟ್ಟಾಗಿ 400 ಕೊಡುತ್ತವೆ. ಕೆಲವು ಮೊದಲ ಸಾಲಿನ ಅರ್ಧ ಪಾಸ್‌ವರ್ಡ್ ಹಿಡಿದುಕೊಂಡು 401 ಅನ್ನುತ್ತವೆ. ನಿಮ್ಮದು ಎರಡನೇ ಜಾತಿ.

ಬೇಸ್64ಗೆ ಡ್ಯಾಶ್ ಡಬ್ಲ್ಯೂ ಸೊನ್ನೆ ಕೊಡಿ, ಮುರಿಯುವುದಿಲ್ಲ. ಇನ್ನೂ ಸುಲಭ ಅಂದರೆ ಆ ಕಸರತ್ತೇ ಬೇಡ. ಕರ್ಲ್‌ಗೆ ಡ್ಯಾಶ್ ಯು ಕೊಟ್ಟರೆ ಬೇಸಿಕ್ ಹೆಡರನ್ನು ಅದೇ ಸರಿಯಾಗಿ ಕಟ್ಟಿಕೊಳ್ಳುತ್ತದೆ.

ನಾಪೋಕ್ಲು_ನೆಟ್‌ವರ್ಕ್
ಎಕೋ ಬದಲು ಪ್ರಿಂಟ್‌ಎಫ್ ಬಳಸಿ ಅಂತಲೂ ಸೇರಿಸಿ ಅಕ್ಕ. ಎಕೋ ಕೊನೆಯಲ್ಲಿ ಒಂದು ಹೊಸ ಸಾಲು ಅಂಟಿಸುತ್ತದೆ, ಅದೂ ಸೇರಿ ಬೇಸ್64 ಆಗಿಬಿಡುತ್ತದೆ. ಎಕೋ ಡ್ಯಾಶ್ ಎನ್ ಇದೆ ಅಂತೀರಾ? ಮ್ಯಾಕ್‌ನ ಎಸ್‌ಹೆಚ್ ಶೆಲ್‌ನಲ್ಲಿ ಓಡಿಸಿದರೆ ಆ ಡ್ಯಾಶ್ ಎನ್ ಅನ್ನೇ ಅಕ್ಷರವಾಗಿ ಮುದ್ರಿಸುತ್ತದೆ. ಪಾಸ್‌ವರ್ಡ್ ಮುಂದೆ ಡ್ಯಾಶ್ ಎನ್ ಕೂತಿರುವುದು ಯಾರ ಕಣ್ಣಿಗೂ ಬೀಳುವುದಿಲ್ಲ.

ಮೂರ್ನಾಡಿನವ
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ಹೋಂಸ್ಟೇ ಬುಕಿಂಗ್ ಸರ್ವಿಸ್‌ಗೆ ಇದೇ ಥರ ಕರ್ಲ್ ಸಾಲು ಕೊಟ್ಟಿದ್ದಾರೆ. ವಿಂಡೋಸ್ ಪವರ್‌ಶೆಲ್‌ನಲ್ಲಿ ಹಾಕಿದರೆ ‘ಹೆಡರ್ಸ್ ಪ್ಯಾರಾಮೀಟರ್ ಹೊಂದುವುದಿಲ್ಲ, ಐಡಿಕ್ಷನರಿಗೆ ಬದಲಿಸಲು ಆಗುವುದಿಲ್ಲ’ ಅಂತ ಕೆಂಪು ಅಕ್ಷರದಲ್ಲಿ ಉದ್ದಕ್ಕೆ ಬೈಯುತ್ತದೆ. ಇಲ್ಲಿ ಎಲ್ಲರೂ ಹೆಡರ್ ಕಳೆದುಹೋಯಿತು ಅಂತಿದ್ದೀರಿ, ನನ್ನದು ಮನೆ ಬಾಗಿಲೇ ದಾಟುತ್ತಿಲ್ಲ.

ಕುಶಾಲನಗರ_ಕೋಡರ್
ಅದು ಕರ್ಲೇ ಅಲ್ಲ ಮಾರಾಯ್ರೆ. ವಿಂಡೋಸ್ ಜೊತೆ ಬರುವ ಪವರ್‌ಶೆಲ್ 5.1ರಲ್ಲಿ ಕರ್ಲ್ ಅನ್ನುವುದು ಇನ್ವೋಕ್-ವೆಬ್‌ರಿಕ್ವೆಸ್ಟ್‌ಗೆ ಇಟ್ಟ ಅಡ್ಡಹೆಸರು. ಅದಕ್ಕೆ ಹೆಡರ್ ಬೇರೆ ರೂಪದಲ್ಲಿ ಬೇಕು. ನಿಜವಾದ ಕರ್ಲ್ 2018ರ 1803 ಆವೃತ್ತಿಯಿಂದ ವಿಂಡೋಸ್ 10ರ ಜೊತೆಗೇ ಬರುತ್ತದೆ. ಕರ್ಲ್ ಡಾಟ್ ಇಎಕ್ಸ್‌ಇ ಅಂತ ಪೂರ್ತಿ ಬರೆಯಿರಿ, ಅಸಲಿ ಎದ್ದು ಬರುತ್ತದೆ. ಪವರ್‌ಶೆಲ್ 7ರಲ್ಲಿ ಈ ಅಡ್ಡಹೆಸರು ತೆಗೆದಿದ್ದಾರೆ.

ಇನ್ನೊಂದು. ಸಿಎಂಡಿ ಕಿಟಕಿಯಲ್ಲಿ ಒಂಟಿ ಕೋಟ್‌ಗೆ ಬೆಲೆ ಇಲ್ಲ. ಲಿನಕ್ಸ್‌ನವರು ಕೊಟ್ಟ ಸಾಲಿನಲ್ಲಿ ಹೆಡರ್ ಒಂಟಿ ಕೋಟ್ ಒಳಗಿದ್ದರೆ ಸ್ಪೇಸ್ ಬಂದ ಕಡೆಯೆಲ್ಲ ಅದು ತುಂಡಾಗುತ್ತದೆ. ಜೋಡಿ ಕೋಟ್ ಹಾಕಿ.

ಮೂರ್ನಾಡಿನವ
ಇಎಕ್ಸ್‌ಇ ಹಾಕಿದ ಕೂಡಲೇ ಹೆಡರ್ ಹೋಯಿತು! ಈಗ ಜೇಸನ್ (ಕಳುಹಿಸುವ ಮಾಹಿತಿಯನ್ನು ಬರೆಯುವ ರೂಪ) ತಪ್ಪು ಅನ್ನುತ್ತಿದೆ.

ಡೆವ್‌ಆಪ್ಸ್_ಅಕ್ಕ
ಪವರ್‌ಶೆಲ್ 5.1 ಹೊರಗಿನ ಪ್ರೋಗ್ರಾಮ್‌ಗೆ ಸಾಲು ದಾಟಿಸುವಾಗ ಒಳಗಿನ ಜೋಡಿ ಕೋಟ್‌ಗಳನ್ನು ನುಂಗುತ್ತದೆ. ಜೇಸನ್ ಅನ್ನು ಒಂದು ಫೈಲಿನಲ್ಲಿಟ್ಟು ಡ್ಯಾಶ್ ಡಿ ಮುಂದೆ "@ಫೈಲ್‌ಹೆಸರು" ಕೊಡಿ. ಕೋಟ್ ಒಳಗೇ ಇರಲಿ, ಪವರ್‌ಶೆಲ್‌ಗೆ ಬರೀ @ ಕಂಡರೆ ಬೇರೆ ಅರ್ಥ. ಆ ಫೈಲನ್ನು ಪವರ್‌ಶೆಲ್‌ನ ಬಾಣದ ಗುರುತಿನಿಂದ ಮಾಡಬೇಡಿ. 5.1ರಲ್ಲಿ ಅದು ಯುಟಿಎಫ್-16 ಫೈಲ್ ಮಾಡುತ್ತದೆ. ಟೋಕನ್ ಫೈಲನ್ನು ಹಾಗೆ ಮಾಡಿದವರಿಗೂ ಇದೇ ಗತಿ, ಪ್ರತಿ ಅಕ್ಷರದ ಪಕ್ಕ ಒಂದೊಂದು ಸೊನ್ನೆ ಬೈಟ್. ನೋಟ್‌ಪ್ಯಾಡ್‌ನಲ್ಲಿ ಯುಟಿಎಫ್-8 ಅಂತ ಉಳಿಸಿ.

ಮೂರ್ನಾಡಿನವ
ಆಯಿತು. ಬಂದಾಗ ಒಂದು ರಾತ್ರಿ ಫ್ರೀ ಅಕ್ಕ. ಕಡಂಬುಟ್ಟು ಸಹಿತ.

ಗೋಣಿಕೊಪ್ಪ_ಸಿಸ್ಟಮ್ಸ್
ನಮಗೆ?

ಮೂರ್ನಾಡಿನವ
ನಿಮಗೆ ಮಿನಿ ಪಿಸಿ ರೇಟಿನಲ್ಲಿ.

ಮಳೆಲೆಕ್ಕ_ಸಿದ್ದಾಪುರ
ಡ್ಯಾಶ್ ಯು ಹಾಕಿದೆ. ಪೈನಲ್ಲಿ 401 ಹೋಯಿತು! ಈಗ ಮ್ಯಾಕ್‌ನ ಹಾಗೇ 400, ‘ಸ್ಟೇಷನ್ ಐಡಿ ಬಂದಿಲ್ಲ’. ಒಂದು ಮೆಟ್ಟಿಲು ಹತ್ತಿದ ಹಾಗಾಯಿತು. ಆದರೆ ಕಳುಹಿಸಿದ್ದು ಕಣ್ಣೆದುರೇ ಇದೆಯಲ್ಲ!

ಹಳೇತೋಟ_ಪಾಲಿಬೆಟ್ಟ
ಕರೆಂಟ್ ನೋಡಿದಿರಾ? ಮೊನ್ನೆ ಗಾಳಿಗೆ ನಮ್ಮ ಲೈನ್ ಮೇಲೆ ಸಿಲ್ವರ್ ಓಕ್ ಬಿದ್ದು ರಾತ್ರಿಯಿಡೀ ಕತ್ತಲೆ. ಕರೆಂಟ್ ಬಂದ ಮೇಲೆ ನಮ್ಮ ಪೈ ಹಳೇ ತಾರೀಖು ತೋರಿಸುತ್ತಿತ್ತು. ಗಡಿಯಾರ ತಪ್ಪಿದರೆ ಸರ್ವರ್ ಒಪ್ಪುವುದಿಲ್ಲ ಅಂತ ಮಗ ಹೇಳಿದ.

ಕುಶಾಲನಗರ_ಕೋಡರ್
ಮಗ ಹೇಳಿದ್ದು ಸರಿ ಅಂಕಲ್, ಆದರೆ ಈ ರೋಗಕ್ಕೆ ಆ ಮದ್ದಲ್ಲ. ಪೈ 4ರ ತನಕ ಬೋರ್ಡಿನಲ್ಲಿ ಬ್ಯಾಟರಿ ಗಡಿಯಾರ ಇಲ್ಲ. ನೆಟ್ ಬಂದು ಸಮಯ ಸರಿ ಮಾಡಿಕೊಳ್ಳುವ ತನಕ ಹಳೇ ಹೊತ್ತಿನಲ್ಲೇ ಇರುತ್ತದೆ. ಸಮಯ ಸೇರಿಸಿ ಸಹಿ ಮಾಡುವ ಸರ್ವಿಸ್‌ಗಳು ಅದನ್ನು ತಿರಸ್ಕರಿಸುತ್ತವೆ. ಅಮೆಜಾನ್‌ನ ಎಸ್3ಯಲ್ಲಿ 15 ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಆಗುವುದಿಲ್ಲ. ಬೇಸಿಕ್ ರೀತಿಯಲ್ಲಿ ಸಮಯವೇ ಇಲ್ಲ. ತಾರೀಖು ತೀರಾ ಹಿಂದೆ ಹೋಗಿದ್ದರೆ ಸರ್ಟಿಫಿಕೇಟ್ ತಪ್ಪು ಅಂತ ಬರುತ್ತಿತ್ತು, 400 ಅಲ್ಲ.

ಬೆಂಗಳೂರಲ್ಲಿರೋ_ಕೊಡಗಿನವ
ಗಡಿಯಾರದ ಮಾತು ಬಂತಲ್ಲ. ಒಂದೇ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್, ಲಿನಕ್ಸ್ ಎರಡೂ ಹಾಕಿದವರು ನೋಡಿರುತ್ತೀರಿ. ಹಾರ್ಡ್‌ವೇರ್ ಗಡಿಯಾರವನ್ನು ವಿಂಡೋಸ್ ನಮ್ಮ ಊರಿನ ಸಮಯ ಅಂದುಕೊಳ್ಳುತ್ತದೆ, ಲಿನಕ್ಸ್ ಯುಟಿಸಿ (ಜಗತ್ತಿನ ಪ್ರಮಾಣ ಸಮಯ) ಅಂದುಕೊಳ್ಳುತ್ತದೆ. ಅತ್ತಿಂದಿತ್ತ ಹೋದಾಗ 5:30 ಗಂಟೆ ವ್ಯತ್ಯಾಸ.

ಇದಕ್ಕಿಂತ ಮಜಾ ಒಂದಿದೆ. ನಮ್ಮ ತಂಡದಲ್ಲಿ ಡಾಟ್‌ನೆಟ್ ಪ್ರೋಗ್ರಾಮ್ ಒಂದು ಎಲ್ಲರ ಮೆಷಿನ್‌ನಲ್ಲೂ ಓಡುತ್ತಿತ್ತು, ಒಬ್ಬರದರಲ್ಲಿ ಮಾತ್ರ ಇಲ್ಲ. ಅವರು ವಿಂಡೋಸ್‌ನ ಪ್ರದೇಶ ಸೆಟಿಂಗನ್ನು ಕನ್ನಡಕ್ಕೆ ಇಟ್ಟಿದ್ದರು. ತಾರೀಖಿನ ಹೆಡರ್‌ನಲ್ಲಿ ‘ಮನ್’ ಇರಬೇಕಾದ ಕಡೆ ‘ಸೋಮ’ ಅಂತ ಕೂರುತ್ತಿತ್ತು! ಹೆಚ್‌ಟಿಟಿಪಿ ತಾರೀಖು ಯಾವಾಗಲೂ ಇಂಗ್ಲಿಷ್ ಹೆಸರು, ಜಿಎಂಟಿ ಸಮಯದಲ್ಲೇ ಇರಬೇಕು. ಡಾಟ್‌ನೆಟ್‌ನಲ್ಲಿ ‘ಆರ್’ ಫಾರ್ಮ್ಯಾಟ್ ಬಳಸಿದರೆ ಭಾಷೆ ಏನಿದ್ದರೂ ಬದಲಾಗುವುದಿಲ್ಲ. ಆದರೆ ಎಲ್ಲರೂ ಅವರಿಗೆ ‘ನೀವು ಇಂಗ್ಲಿಷ್‌ಗೆ ಬದಲಿಸಿ’ ಅಂದದ್ದು ನನಗೆ ಹಿಡಿಸಲಿಲ್ಲ. ಕೋಡ್ ಸರಿ ಮಾಡಬೇಕಾದದ್ದು, ಬಳಸುವವರ ಭಾಷೆಯನ್ನಲ್ಲ.

ವಿದ್ಯಾರ್ಥಿ_ಪೊನ್ನಂಪೇಟೆ
👏👏

ನಾಪೋಕ್ಲು_ನೆಟ್‌ವರ್ಕ್
ಮತ್ತೆ ವಿಷಯಕ್ಕೆ. ಯೂಸರ್-ಏಜೆಂಟ್ ನೋಡಿ ಫೈರ್‌ವಾಲ್ ತಡೆಯುತ್ತಿರಬಹುದಾ? ಇಲ್ಲವೇ ಎಕ್ಸ್‌ಪೆಕ್ಟ್ 100-ಕಂಟಿನ್ಯೂ? ದೊಡ್ಡ ಬಾಡಿ (ಹೆಡರ್ ಕೆಳಗೆ ಹೋಗುವ ಮಾಹಿತಿ) ಇದ್ದರೆ ಕರ್ಲ್ ತಾನೇ ಅದನ್ನು ಸೇರಿಸುತ್ತದೆ. ಹಳೇ ಡಾಟ್‌ನೆಟ್ ಕೂಡ ಪೋಸ್ಟ್‌ಗೆ ಸೇರಿಸುತ್ತದೆ. ನಡುವಿನ ಪ್ರಾಕ್ಸಿಗೆ ಅರ್ಥವಾಗದೆ 417 ಕೊಟ್ಟದ್ದನ್ನು ನೋಡಿದ್ದೇನೆ.

ಡೆವ್‌ಆಪ್ಸ್_ಅಕ್ಕ
ಒಂದು ಮಳೆ ಅಂಕಿಗೆ ದೊಡ್ಡ ಬಾಡಿ ಎಲ್ಲಿಂದ ಬರಬೇಕು? ಫೈರ್‌ವಾಲ್ ತಡೆದಿದ್ದರೆ 403 ಬರುತ್ತಿತ್ತು. ಅಷ್ಟು ಸ್ಪಷ್ಟವಾಗಿ ಸ್ಟೇಷನ್ ಐಡಿ ಹೆಸರು ಹಿಡಿದು ಬೈಯುತ್ತಿರಲಿಲ್ಲ. ರಿಕ್ವೆಸ್ಟ್ ಅವರ ಆ್ಯಪ್ ತನಕ ತಲುಪಿದೆ. ಆ ಹೆಡರ್ ಮಾತ್ರ ದಾರಿಯಲ್ಲಿ ಬಿದ್ದಿದೆ.

ಹೆಸರಿನಲ್ಲಿ ಅಂಡರ್‌ಸ್ಕೋರ್ (_ ಗುರುತು) ಇದೆ ನೋಡಿ. ನನ್ನ ಅನುಮಾನ ಪೂರ್ತಿ ಅದರ ಮೇಲೆ. ಎಂಜಿನ್‌ಎಕ್ಸ್ ಅನ್ನುವ ವೆಬ್ ಸರ್ವರ್ ಪ್ರೋಗ್ರಾಮ್ ಹಾಗೇ ಬಿಟ್ಟರೆ ಅಂಡರ್‌ಸ್ಕೋರ್ ಇರುವ ಹೆಡರನ್ನು ಸದ್ದಿಲ್ಲದೆ ಬಿಸಾಡುತ್ತದೆ. ಲಾಗ್‌ನಲ್ಲಿ ಬರೆಯುತ್ತದೆ, ಆದರೆ ಇನ್ಫೋ ಮಟ್ಟದಲ್ಲಿ. ಎರರ್ ಲಾಗ್ ಸಾಮಾನ್ಯವಾಗಿ ಎರರ್ ಮಟ್ಟಕ್ಕೆ ಇರುವುದರಿಂದ ಯಾರಿಗೂ ಕಾಣುವುದಿಲ್ಲ.

ಮಳೆಲೆಕ್ಕ_ಸಿದ್ದಾಪುರ
ಹಾಗಾದರೆ ವಿಂಡೋಸ್‌ನಿಂದ ಹೋದಾಗ ಯಾಕೆ ಬಿಸಾಡುವುದಿಲ್ಲ ಅಕ್ಕ? ಅದರಲ್ಲೂ ಅದೇ ಅಂಡರ್‌ಸ್ಕೋರ್.

ವಿದ್ಯಾರ್ಥಿ_ಪೊನ್ನಂಪೇಟೆ
ನೀವೇ ಹಾಕಿರುವುದನ್ನು ಇನ್ನೊಮ್ಮೆ ನೋಡಿ ಅಣ್ಣ. ಕೆಳಗಿನ ಸಾಲು. ವಿಂಡೋಸ್‌ನಲ್ಲಿ ‘ಸರ್ವರ್: ಮೈಕ್ರೋಸಾಫ್ಟ್-ಐಐಎಸ್’. ಪೈ, ಮ್ಯಾಕ್ ಎರಡರಲ್ಲೂ ‘ಸರ್ವರ್: ಎಂಜಿನ್‌ಎಕ್ಸ್’. ಅದು ನಿಮ್ಮ ಮೆಷಿನ್ ಹೆಸರಲ್ಲ, ಉತ್ತರ ಕೊಟ್ಟ ಸರ್ವರ್ ಹೆಸರು. ಎರಡು ಬೇರೆ ಸರ್ವರ್ ಜೊತೆ ಮಾತಾಡುತ್ತಿದ್ದೀರಿ ಅಂತ ಕಾಣುತ್ತದೆ.

ಕುಶಾಲನಗರ_ಕೋಡರ್
ಭಲೇ! ಎಲ್ಲರೂ ‘>’ ನೋಡುತ್ತಾ ಕೂತಿದ್ದೆವು, ಈ ಹುಡುಗ ‘<’ ನೋಡಿದ.

ಮಳೆಲೆಕ್ಕ_ಸಿದ್ದಾಪುರ
ಯುಆರ್‌ಎಲ್ ಒಂದೇ ಅಲ್ವಾ. ಈಗಷ್ಟೇ ಮೂರರಲ್ಲೂ ಎನ್‌ಎಸ್‌ಲುಕಪ್ (ಹೆಸರಿಗೆ ಯಾವ ಐಪಿ ಅಂತ ಕೇಳುವ ಕಮಾಂಡ್) ಮಾಡಿದೆ. ಮೂರಕ್ಕೂ ಒಂದೇ ಐಪಿ ಬಂತು. ಹಾಗಾಗಿ ಸರ್ವರ್ ಬೇರೆ ಇರಲಿಕ್ಕಿಲ್ಲ.

ಡೆವ್‌ಆಪ್ಸ್_ಅಕ್ಕ
ಎನ್‌ಎಸ್‌ಲುಕಪ್ ನೇರವಾಗಿ ಡಿಎನ್‌ಎಸ್ ಸರ್ವರನ್ನೇ ಕೇಳುತ್ತದೆ. ಮೆಷಿನ್ ಒಳಗೆ ಹೆಸರಿಗೆ ಐಪಿ ಬರೆದಿಡುವ ಹೋಸ್ಟ್ಸ್ ಫೈಲನ್ನು ನೋಡುವುದೇ ಇಲ್ಲ. ಕರ್ಲ್, ಬ್ರೌಸರ್, ಪಿಂಗ್ ಎಲ್ಲವೂ ನೋಡುತ್ತವೆ. ವಿಂಡೋಸ್‌ನಲ್ಲಿ ಆ ಹೆಸರಿಗೆ ಪಿಂಗ್ ಮಾಡಿ, ಯಾವ ಐಪಿ ತೋರಿಸುತ್ತದೆ ಹೇಳಿ. ಕರ್ಲ್ ಡ್ಯಾಶ್ ವಿಯಲ್ಲಿ ಮೇಲ್ಗಡೆ ‘ಕನೆಕ್ಟೆಡ್ ಟು’ ಅಂತ ಬರುವ ಸಾಲಿನಲ್ಲೂ ಐಪಿ ಇರುತ್ತದೆ. ಅದನ್ನು ನೀವು ಇಲ್ಲಿ ಹಾಕಿಲ್ಲ.

ಆಮೇಲೆ ಸಿ ಡ್ರೈವ್, ವಿಂಡೋಸ್, ಸಿಸ್ಟಮ್32, ಡ್ರೈವರ್ಸ್, ಇಟಿಸಿ ಫೋಲ್ಡರ್‌ಗೆ ಹೋಗಿ. ಅಲ್ಲಿ ಹೋಸ್ಟ್ಸ್ ಅಂತ ಬಾಲ ಇಲ್ಲದ ಫೈಲ್ ಇರುತ್ತದೆ. ನೋಟ್‌ಪ್ಯಾಡ್‌ನಲ್ಲಿ ತೆಗೆದು ನೋಡಿ.

ಮಳೆಲೆಕ್ಕ_ಸಿದ್ದಾಪುರ
ಇದೆ!! ಕೊನೆಯಲ್ಲಿ ಒಂದು ಸಾಲು. ಒಂದು ಐಪಿ, ಮುಂದೆ ನಮ್ಮ ಸರ್ವಿಸ್‌ನ ಹೆಸರು. ಪಿಂಗ್‌ನಲ್ಲೂ ಅದೇ ಐಪಿ. ಆ ಸಾಲಿನ ಮೇಲೆ ಇಂಗ್ಲಿಷ್‌ನಲ್ಲಿ ‘ಟೆಸ್ಟಿಂಗ್, ಆಮೇಲೆ ತೆಗೆಯಬೇಕು’ ಅಂತ ಬರೆದಿದ್ದಾರೆ. ಕಂಪನಿಯ ಹುಡುಗ ಬ್ಯಾಚ್ ಫೈಲ್ ಹಾಕಲು ಬಂದಾಗ ಸೇರಿಸಿರಬೇಕು.

ನಾಪೋಕ್ಲು_ನೆಟ್‌ವರ್ಕ್
‘ಆಮೇಲೆ ತೆಗೆಯಬೇಕು’ 😂 ಅರ್ಧ ಇಂಟರ್ನೆಟ್ ಆ ಸಾಲಿನ ಮೇಲೇ ನಿಂತಿದೆ.

ಗೋಣಿಕೊಪ್ಪ_ಸಿಸ್ಟಮ್ಸ್
ಒಂದು ಡೌಟು. ಬೇರೆ ಸರ್ವರ್ ಆದರೆ ಹೆಚ್‌ಟಿಟಿಪಿಎಸ್ ಸರ್ಟಿಫಿಕೇಟ್ ತಪ್ಪು ಅಂತ ಬರಬೇಕಿತ್ತಲ್ಲ?

ಕುಶಾಲನಗರ_ಕೋಡರ್
ಸರಿಯಾದ ಪ್ರಶ್ನೆ. ಸರ್ಟಿಫಿಕೇಟ್ ನೋಡುವುದು ಹೆಸರನ್ನು, ಐಪಿಯನ್ನಲ್ಲ. ಟೆಸ್ಟ್ ಸರ್ವರ್‌ನಲ್ಲೂ ಅವರು ಅದೇ ವೈಲ್ಡ್‌ಕಾರ್ಡ್ ಸರ್ಟಿಫಿಕೇಟ್ ಹಾಕಿದ್ದರೆ ಕರ್ಲ್‌ಗೆ ಅನುಮಾನವೇ ಬರುವುದಿಲ್ಲ. ಅಂಗಡಿಯವರು ಅಂತ ಇಷ್ಟು ದಿನ ಸುಮ್ನೆ ತಮಾಷೆ ಮಾಡಿದೆವು, ನೀವು ಒಳ್ಳೆಯ ಆಳು.

ಹಳೇತೋಟ_ಪಾಲಿಬೆಟ್ಟ
ತಡೀರಿ ತಡೀರಿ. ಅದಕ್ಕೇ ನಿಮ್ಮ ತೋಟದ ಕಾಲಂ ಖಾಲಿ! ನಾವೆಲ್ಲ ನೀವು ಮಳೆ ನೋಡುವುದನ್ನೇ ಬಿಟ್ಟಿದ್ದೀರಿ ಅಂದುಕೊಂಡಿದ್ದೆವು. ಕೇಳಿದರೆ ‘ಬರುತ್ತಿದೆಯಲ್ಲ’ ಅಂತ ಸ್ಕ್ರೀನ್‌ಶಾಟ್ ಕಳುಹಿಸುತ್ತಿದ್ದಿರಿ.

ಮಳೆಲೆಕ್ಕ_ಸಿದ್ದಾಪುರ
ನಾನು ವೆಬ್ ಪೇಜ್ ನೋಡುವುದೂ ಅದೇ ಲ್ಯಾಪ್‌ಟಾಪ್‌ನಲ್ಲಿ ಅಂಕಲ್. ಟೆಸ್ಟ್ ಸರ್ವರ್‌ಗೆ ಬರೆದದ್ದು ಟೆಸ್ಟ್ ಸರ್ವರ್‌ನಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. ಫೋನ್‌ನಲ್ಲಿ ಈಗ ತೆಗೆದು ನೋಡಿದೆ. ಸಿದ್ದಾಪುರದ ಕಾಲಂ ಬಿಕೋ ಅನ್ನುತ್ತಿದೆ.

ಹೋಸ್ಟ್ಸ್ ಸಾಲು ತೆಗೆದೆ. ಈಗ ವಿಂಡೋಸ್‌ನಲ್ಲೂ 400!

ಬೆಂಗಳೂರಲ್ಲಿರೋ_ಕೊಡಗಿನವ
ಅಭಿನಂದನೆಗಳು. ಮೂರೂ ಮೆಷಿನ್ ಒಂದೇ ಥರ ಕೆಟ್ಟವು. ಇದು ನಿಜವಾಗಲೂ ಪ್ರಗತಿ. ‘ಲಿನಕ್ಸ್ ನೋಡಿಕೊಳ್ಳಿ’ ಅಂದವರಿಗೆ ಇನ್ನು ಜಾರಿಕೊಳ್ಳಲು ದಾರಿ ಇಲ್ಲ.

ಮಳೆಲೆಕ್ಕ_ಸಿದ್ದಾಪುರ
ಪೂರ್ತಿ ಖಾತ್ರಿಗೆ ಏನು ಮಾಡಲಿ? ಅವರಿಗೆ ಫೋನ್ ಮಾಡುವ ಮೊದಲು ಕೈಯಲ್ಲಿ ಏನಾದರೂ ಇರಬೇಕು.

ಡೆವ್‌ಆಪ್ಸ್_ಅಕ್ಕ
ಎರಡು ಸಾಕ್ಷಿ ಇಟ್ಟುಕೊಳ್ಳಿ. ಒಂದು, ಪೈನಲ್ಲಿ ನೆಟ್‌ಕ್ಯಾಟ್ (ಬಂದದ್ದನ್ನು ಹಾಗೇ ತೋರಿಸುವ ಪ್ರೋಗ್ರಾಮ್) ಅನ್ನು ಕೇಳುವ ಹಾಗೆ ಕೂರಿಸಿ, ಉದಾಹರಣೆಗೆ 8080 ಪೋರ್ಟ್‌ನಲ್ಲಿ. ಲ್ಯಾಪ್‌ಟಾಪ್‌ನಿಂದ ಬರೀ ಹೆಚ್‌ಟಿಟಿಪಿಯಲ್ಲಿ ಅದೇ ಕರ್ಲ್ ಸಾಲನ್ನು ಪೈ ಐಪಿಗೆ ಕಳುಹಿಸಿ. ಬಂದ ಬೈಟ್‌ಗಳು ಹಸಿಹಸಿಯಾಗಿ ಪರದೆ ಮೇಲೆ ಬೀಳುತ್ತವೆ. ಸ್ಟೇಷನ್_ಐಡಿ ಅಲ್ಲಿ ಇದ್ದರೆ ನಿಮ್ಮ ಮೆಷಿನ್ ಅದನ್ನು ಹೊರಗೆ ಕಳುಹಿಸುತ್ತಿದೆ ಅಂತ ಆಯಿತು.

ಎರಡು, ಅವರ ಹುಡುಗನಿಗೆ ಎಂಜಿನ್‌ಎಕ್ಸ್‌ನ ಎರರ್ ಲಾಗ್ ಮಟ್ಟವನ್ನು ಇನ್ಫೋಗೆ ಇಟ್ಟು ಒಂದು ರಿಕ್ವೆಸ್ಟ್ ಹಿಡಿಯಲು ಹೇಳಿ. ‘ಕ್ಲೈಂಟ್ ಕಳುಹಿಸಿದ ಹೆಡರ್ ಸಾಲು ಸರಿಯಿಲ್ಲ’ ಅನ್ನುವ ಅರ್ಥದ ಸಾಲು ಸ್ಟೇಷನ್_ಐಡಿ ಹೆಸರಿನ ಜೊತೆ ಸಿಗುತ್ತದೆ.

ನಾಪೋಕ್ಲು_ನೆಟ್‌ವರ್ಕ್
ಪರಿಹಾರ ಒಂದೇ ಸಾಲು. ಅಂಡರ್‌ಸ್ಕೋರ್ಸ್_ಇನ್_ಹೆಡರ್ಸ್ ಆನ್. ಎಂಜಿನ್‌ಎಕ್ಸ್ ರೀಲೋಡ್. ಮುಗಿಯಿತು. ಐದು ನಿಮಿಷದ ಕೆಲಸ.

ಡೆವ್‌ಆಪ್ಸ್_ಅಕ್ಕ
ಐದು ನಿಮಿಷದ ಕೆಲಸ ಹೌದು, ಆದರೆ ನಾನು ಒಪ್ಪುವುದಿಲ್ಲ. ಎಂಜಿನ್‌ಎಕ್ಸ್ ಸುಮ್ನೆ ಹಠಕ್ಕೆ ಬಿಸಾಡುತ್ತಿಲ್ಲ. ಸಿಜಿಐ (ವೆಬ್ ಸರ್ವರ್ ರಿಕ್ವೆಸ್ಟನ್ನು ಬೇರೆ ಪ್ರೋಗ್ರಾಮ್‌ಗೆ ದಾಟಿಸುವ ಹಳೇ ರೀತಿ) ಕಾಲದಿಂದ ಹೆಡರ್ ಹೆಸರನ್ನು ವೇರಿಯಬಲ್ ಮಾಡುವಾಗ ಹೈಫನ್ ಕೂಡ ಅಂಡರ್‌ಸ್ಕೋರ್ ಆಗುತ್ತದೆ. ಹಾಗಾಗಿ ಸ್ಟೇಷನ್-ಐಡಿ, ಸ್ಟೇಷನ್_ಐಡಿ ಎರಡೂ ಆ್ಯಪ್ ಒಳಗೆ ಒಂದೇ ಹೆಸರು. ಪ್ರಾಕ್ಸಿ ನಂಬಿಕೆಯಿಂದ ಹಾಕುವ ಒಂದು ಹೆಡರನ್ನು ಹೊರಗಿನವನು ಅಂಡರ್‌ಸ್ಕೋರ್ ವೇಷದಲ್ಲಿ ನುಗ್ಗಿಸಬಹುದು. ಅಪಾಚೆ ಕೂಡ 2.4ರಿಂದ ಇಂಥ ಹೆಸರುಗಳನ್ನು ಸಿಜಿಐ ಕಡೆ ಬಿಡುವುದಿಲ್ಲ.

ಹೆಸರು ಬದಲಿಸುವುದೇ ಸರಿ. ಅಂಡರ್‌ಸ್ಕೋರ್ ತೆಗೆದು ಹೈಫನ್ ಹಾಕಲಿ.

ನಾಪೋಕ್ಲು_ನೆಟ್‌ವರ್ಕ್
ಅಕ್ಕ, ಎಷ್ಟು ತೋಟದಲ್ಲಿ ಬ್ಯಾಚ್ ಫೈಲ್ ಇದೆಯೋ ಏನೋ. ಎಲ್ಲ ಕಡೆ ಹೋಗಿ ಬದಲಿಸುವವರು ಯಾರು? ಈ ಮಳೆಯಲ್ಲಿ? ಇದೇನು ಬ್ಯಾಂಕ್ ಅಲ್ಲ, ಮಳೆ ಲೆಕ್ಕ. ಅದರಲ್ಲಿ ಯಾರು ವೇಷ ಹಾಕಿಕೊಂಡು ಬರುತ್ತಾರೆ?

ಡೆವ್‌ಆಪ್ಸ್_ಅಕ್ಕ
ಇವತ್ತು ಮಳೆ, ನಾಳೆ ಕಾಫಿ ತೂಕ, ನಾಡಿದ್ದು ದುಡ್ಡು. ಅದೇ ಸರ್ವರ್ ಮೇಲೆ ಒಂದೊಂದೇ ಬಂದು ಕೂರುತ್ತವೆ. ಸ್ವಿಚ್ ಮಾತ್ರ ಆನ್ ಆಗಿಯೇ ಇರುತ್ತದೆ. ‘ಆಮೇಲೆ ತೆಗೆಯಬೇಕು’ ಸಾಲು ಈಗಷ್ಟೇ ನೋಡಿದಿರಲ್ಲ.

ಕುಶಾಲನಗರ_ಕೋಡರ್
ನಡುವಿನ ದಾರಿ ಇದೆ. ಹೊಸ ಹೆಸರನ್ನು ಈಗಲೇ ಶುರು ಮಾಡಲಿ, ಹಳೆಯದನ್ನು ಆ ಒಂದು ಹೋಸ್ಟ್ ಹೆಸರಿಗೆ ಮಾತ್ರ ಸ್ವಲ್ಪ ದಿನ ಬಿಡಲಿ. ಆದರೆ ಒಂದು ಮಾತು: ಉಳಿದ ತೋಟದವರದು ಸರಿಯಾಗಿ ಬರುತ್ತಿದೆಯಲ್ಲ, ಅವರು ಏನು ಕಳುಹಿಸುತ್ತಿದ್ದಾರೆ?

ಹಳೇತೋಟ_ಪಾಲಿಬೆಟ್ಟ
ನಾವೆಲ್ಲ ಫೋನಿನ ಆ್ಯಪ್‌ನಲ್ಲಿ ಹಾಕುವುದು. ಪೈ ತಾಪತ್ರಯ ಮಗನ ಹುಚ್ಚು, ಅದು ಬರೀ ಉಷ್ಣಾಂಶ ನೋಡಲಿಕ್ಕೆ.

ಕುಶಾಲನಗರ_ಕೋಡರ್
ಹಾಗಾದರೆ ಆ್ಯಪ್ ಐಡಿಯನ್ನು ಬೇರೆ ರೀತಿ ಕಳುಹಿಸುತ್ತಿರಬೇಕು. ಬ್ಯಾಚ್ ಫೈಲ್ ಇರುವುದು ಸಿದ್ದಾಪುರದ ಒಂದೇ ಲ್ಯಾಪ್‌ಟಾಪ್‌ನಲ್ಲಿ. ನಾಪೋಕ್ಲುವಿನವರ ವಾದ ಬಿದ್ದುಹೋಯಿತು. ಹೆಸರು ಬದಲಿಸಿ.

ನಾಪೋಕ್ಲು_ನೆಟ್‌ವರ್ಕ್
ಸರಿ ಸರಿ, ಅಕ್ಕನಿಗೇ ಜಯ.

ಬೆಂಗಳೂರಲ್ಲಿರೋ_ಕೊಡಗಿನವ
ಇದೇ ಜಾತಿಯ ಇನ್ನೊಂದು, ಪಿಹೆಚ್‌ಪಿ ಬಳಸುವವರಿಗೆ. ವಿಂಡೋಸ್‌ನಲ್ಲಿ ಝಾಂಪ್ ಹಾಕಿ ಕೋಡ್ ಬರೆಯುತ್ತೀರಿ, ಆಥರೈಸೇಶನ್ ಹೆಡರ್ ಸಿಗುತ್ತದೆ. ಲಿನಕ್ಸ್ ಸರ್ವರ್‌ಗೆ ಹಾಕಿದ ಕೂಡಲೇ ಮಾಯ. ಅಲ್ಲಿ ಅಪಾಚೆ ಹಿಂದೆ ಪಿಹೆಚ್‌ಪಿ ಬೇರೆ ಪ್ರೋಗ್ರಾಮ್ ಆಗಿ ಓಡುತ್ತಿರುತ್ತದೆ. ಅಪಾಚೆ ಆ ಹೆಡರನ್ನು ಭದ್ರತೆಗಾಗಿ ದಾಟಿಸುವುದಿಲ್ಲ. ಸಿಜಿಐಪಾಸ್‌ಆಥ್ ಆನ್ ಅಂತ ಹಾಕಬೇಕು. ಆಪರೇಟಿಂಗ್ ಸಿಸ್ಟಮ್ ಮೇಲೆ ಗೂಬೆ ಕೂರಿಸುವ ಮೊದಲು ನಡುವೆ ಯಾರ್ಯಾರು ಕೂತಿದ್ದಾರೆ ನೋಡಿ.

ಮಳೆಲೆಕ್ಕ_ಸಿದ್ದಾಪುರ
ಕಂಪನಿಯವರಿಗೆ ನೆಟ್‌ಕ್ಯಾಟ್ ಫೋಟೋ ಸಹಿತ ಕಳುಹಿಸಿದೆ. ಈ ಸಲ ‘ನಿಮ್ಮ ಲಿನಕ್ಸ್’ ಅನ್ನಲಿಲ್ಲ. ಲಾಗ್‌ನಲ್ಲಿ ಆ ಸಾಲು ಸಿಕ್ಕಿತಂತೆ. ಸಂಜೆಯೊಳಗೆ ಸ್ಟೇಷನ್-ಐಡಿ ಅಂತ ಹೈಫನ್ ಹೆಸರಿಗೆ ಬದಲಿಸಿದರು. ಈಗ ಪೈ, ಮ್ಯಾಕ್, ವಿಂಡೋಸ್ ಮೂರರಲ್ಲೂ 200. ಫೋನಿನಲ್ಲಿ ನೋಡಿ ಖಾತ್ರಿ ಮಾಡಿಕೊಂಡೆ.

ಎರಡು ಪ್ರಶ್ನೆ ಉಳಿದಿದೆ. ತೋಟದ ಹೆಸರನ್ನೂ ಕನ್ನಡದಲ್ಲಿ ಇನ್ನೊಂದು ಹೆಡರ್ ಆಗಿ ಕಳುಹಿಸಬಹುದಾ? ಮತ್ತೆ ಟೆಸ್ಟ್ ಸರ್ವರ್‌ನಲ್ಲಿ ಸಿಕ್ಕಿಕೊಂಡ ಹಳೇ ಅಂಕಿಗಳನ್ನು ಅವರು ಸಿಎಸ್‌ವಿ ಫೈಲ್ ಮಾಡಿ ಕೊಡುತ್ತಾರಂತೆ, ಮಿಲಿಮೀಟರ್‌ಗೆ ಬದಲಿಸಿ ಹಾಕಿ ಅನ್ನುತ್ತಿದ್ದಾರೆ.

ಡೆವ್‌ಆಪ್ಸ್_ಅಕ್ಕ
ಕನ್ನಡ ಹೆಡರ್‌ನಲ್ಲಿ ಬೇಡ. ಹೆಡರ್‌ನಲ್ಲಿ ಆಸ್ಕಿ ಅಕ್ಷರ ಮಾತ್ರ ನಂಬಿಕಸ್ಥ. ಡಾಟ್‌ನೆಟ್ ಕಳುಹಿಸಲು ಒಪ್ಪುವುದೇ ಇಲ್ಲ, ಕರ್ಲ್ ಹಾಗೇ ಬೈಟ್ ತಳ್ಳುತ್ತದೆ, ಆ ಕಡೆ ಏನು ಓದುತ್ತಾರೋ ಅವರಿಗೇ ಗೊತ್ತು. ಹೆಸರನ್ನು ಜೇಸನ್ ಬಾಡಿಯಲ್ಲಿ ಯುಟಿಎಫ್-8 ಆಗಿ ಹಾಕಿ, ಎಲ್ಲ ಕಡೆ ಚೆನ್ನಾಗಿ ಹೋಗುತ್ತದೆ.

ಹಳೇತೋಟ_ಪಾಲಿಬೆಟ್ಟ
ಮಿಲಿಮೀಟರ್ ವಿಷಯ ನಾನು ಹೇಳುತ್ತೇನೆ. ನಮ್ಮ ತೋಟದ ಬುಕ್ಕಿನಲ್ಲಿ ಇಂಚು-ಸೆಂಟ್ ಲೆಕ್ಕ, ನೂರು ಸೆಂಟ್‌ಗೆ ಒಂದು ಇಂಚು. ಒಂದು ಇಂಚು 5 ಸೆಂಟ್ ಅಂದರೆ 1.05, ಅಂದರೆ 26.67 ಮಿ.ಮೀ. ರೈಟರ್ ಹುಡುಗರು ಅದನ್ನು 1.5 ಅಂತ ಬರೆದರೆ 38.1 ಮಿ.ಮೀ. ಆಗುತ್ತದೆ. ಹೂ ಮಳೆ (ಕಾಫಿ ಹೂ ಅರಳಿಸುವ ಮಳೆ) ಲೆಕ್ಕದಲ್ಲಿ ಅಷ್ಟು ವ್ಯತ್ಯಾಸ ಆದರೆ ಮುಗಿಯಿತು. ಬದಲಿಸುವ ಮೊದಲು ಬುಕ್ಕು ಪಕ್ಕದಲ್ಲಿಟ್ಟು ನೋಡಿ.

ವಿದ್ಯಾರ್ಥಿ_ಪೊನ್ನಂಪೇಟೆ
ತಾರೀಖೂ ನೋಡಿ ಅಣ್ಣ. ಹವಾಮಾನ ಇಲಾಖೆಯ ಮಳೆ ದಿನ ಬೆಳಿಗ್ಗೆ 8:30ಕ್ಕೆ ಮುಗಿಯುತ್ತದೆ, ಯುಟಿಸಿಯಲ್ಲಿ 03:00. ಟೆಸ್ಟ್ ಸರ್ವರ್ ಯುಟಿಸಿಯಲ್ಲಿ ಇಟ್ಟಿದ್ದರೆ ಬೆಳಗಿನ ಜಾವ ಹಾಕಿದ ಅಂಕಿಗೆ ಹಿಂದಿನ ತಾರೀಖು ಬಿದ್ದಿರುತ್ತದೆ.

ಮಳೆಲೆಕ್ಕ_ಸಿದ್ದಾಪುರ
ಸಿಎಸ್‌ವಿ ಬಂತು. ಸಮಯದ ಕಾಲಂನಲ್ಲಿ ಯುಟಿಸಿ ಅಂತಲೇ ಇದೆ. ಬೆಳಿಗ್ಗೆ ಐದೂವರೆಗೆ ಮೊದಲು ಹಾಕಿದ ಅಂಕಿಗಳನ್ನೆಲ್ಲ ಬುಕ್ಕಿನ ಜೊತೆ ತಾಳೆ ನೋಡಬೇಕು. ಅಂಕಲ್, ಭಾನುವಾರ ಬುಕ್ಕು ಹಿಡಿದುಕೊಂಡು ನಿಮ್ಮಲ್ಲಿಗೆ ಬರುತ್ತೇನೆ, ಮಗನನ್ನೂ ಇರಲು ಹೇಳಿ.

ಹಳೇತೋಟ_ಪಾಲಿಬೆಟ್ಟ
ಊಟಕ್ಕೇ ಬನ್ನಿ. ಕರೆಂಟ್ ಇರುವುದು ಖಾತ್ರಿ ಇಲ್ಲ, ಲ್ಯಾಪ್‌ಟಾಪ್ ಚಾರ್ಜ್ ಮಾಡಿಕೊಂಡು ಬನ್ನಿ.